ಚೀಲದಲ್ಲಿ ಹಿಡಿಯುವ ಲಿನಕ್ಸ್: ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳ ಕಥೆ ಮತ್ತು ಬಳಕೆ

ಒಂದು ಕಿಲೋಗ್ರಾಂಗಿಂತ ಕಡಿಮೆ ತೂಕ, ಏಳು ಅಂಗುಲದ ಪರದೆ, ನಾಲ್ಕು ಗಿಗಾಬೈಟ್ ಸಂಗ್ರಹ. ವಿಂಡೋಸ್ ಇಲ್ಲ, ಸಿ.ಡಿ. ಹಾಕುವ ಜಾಗವೂ ಇಲ್ಲ. ತೈವಾನಿನ ಅಸುಸ್ ಸಂಸ್ಥೆಯು 2007ರ ಅಕ್ಟೋಬರ್‌ನಲ್ಲಿ ಇಇಇ ಪಿಸಿ 701 ಎಂಬ ಲ್ಯಾಪ್‌ಟಾಪನ್ನು ಮಾರುಕಟ್ಟೆಗೆ ತಂದಾಗ ಅದರ ವಿವರಪಟ್ಟಿಯನ್ನು ನೋಡಿದವರಿಗೆ ಅದು ಮಕ್ಕಳ ಆಟಿಕೆಯೆಂದು ತೋರಿದ್ದರೆ ಆಶ್ಚರ್ಯವೇನಿಲ್ಲ. ಆದರೆ ಮುಂದಿನ ಒಂದೇ ವರ್ಷದಲ್ಲಿ ಏಸರ್, ಎಚ್‌ಪಿ, ಡೆಲ್, ಎಂಎಸ್‌ಐ ಮುಂತಾದ ದೊಡ್ಡ ತಯಾರಕರೆಲ್ಲರೂ ಅದೇ ಮಾದರಿಯ ಯಂತ್ರಗಳನ್ನು ಹೊರತಂದರು. ಐದಾರು ವರ್ಷಗಳೊಳಗೆ ಆ ವರ್ಗವೇ ಅಂಗಡಿಗಳಿಂದ ಮರೆಯಾಯಿತು. ಅದು ಏಕೆ ಬಂದಿತು, ಏಕೆ ಹೋಯಿತು ಎಂಬುದು ಬರಿಯ ಹಳೆಯ ಕಥೆಯಲ್ಲ. ಅಗ್ಗದ ಯಂತ್ರವೊಂದರಲ್ಲಿ ಲಿನಕ್ಸ್ ಅಳವಡಿಸಿಕೊಂಡು ಪ್ರಯಾಣಕ್ಕೂ ನಿತ್ಯದ ಕೆಲಸಕ್ಕೂ ಬಳಸಬೇಕೆನ್ನುವವರು ಇಂದಿಗೂ ಇದ್ದಾರೆ. ಅಂದಿನ ತೊಡಕುಗಳಲ್ಲಿ ಹಲವು ಅವರನ್ನೂ ಕಾಡುತ್ತವೆ.

ಹೆಸರಿನ ಬಗ್ಗೆ ಒಂದು ಮಾತು. ಕಲಿಯಲು ಸುಲಭ, ಕೆಲಸಕ್ಕೆ ಸುಲಭ, ಆಟಕ್ಕೆ ಸುಲಭ ಎಂಬರ್ಥದ ಇಂಗ್ಲಿಷ್ ಘೋಷವಾಕ್ಯದ ಮೂರು ‘ಇ’ಗಳನ್ನು ಸೇರಿಸಿ ಅಸುಸ್ ಈ ಹೆಸರನ್ನು ಕಟ್ಟಿತು. ಉಚ್ಚಾರಣೆ ಮಾತ್ರ ಒಂದೇ ‘ಈ’. ಕನ್ನಡದಲ್ಲಿ ‘ಈ ಪಿಸಿ’ ಎಂದು ಬರೆದರೆ ಯಾವ ಪಿಸಿ ಎಂಬ ಪ್ರಶ್ನೆ ಏಳುವುದರಿಂದ ಇಲ್ಲಿ ‘ಇಇಇ’ ಎಂದೇ ಬರೆಯಲಾಗಿದೆ.

ಮೊದಲು ಬಂದವು

ಅಗ್ಗದ ಗಣಕಕ್ಕೆ ಲಿನಕ್ಸ್ ಎಂಬ ಆಲೋಚನೆ ತೈವಾನಿನಲ್ಲಿ ಹುಟ್ಟಿದ್ದಲ್ಲ. ಅದರ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು ಬೆಂಗಳೂರಿನಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ ರೂಪಿಸಿದ ಸಿಂಪ್ಯೂಟರ್‌ನ ಮಾದರಿ 2001ರಲ್ಲಿ ಸಿದ್ಧವಾಯಿತು. ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ಆಧಾರಿತ ಗಣಕವದು. ಭಾರತೀಯ ಭಾಷೆಗಳಲ್ಲಿ ಪಠ್ಯವನ್ನು ಓದಿ ಹೇಳುವಂತಿರಬೇಕು, ಒಂದೇ ಯಂತ್ರವನ್ನು ಹಲವರು ತಂತಮ್ಮ ಸ್ಮಾರ್ಟ್‌ಕಾರ್ಡ್ ತೂರಿಸಿ ಹಂಚಿಕೊಳ್ಳುವಂತಿರಬೇಕು ಎಂಬುದು ಅದರ ಕಲ್ಪನೆ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ತಯಾರಾದ ‘ಅಮಿಡಾ’ ಸಿಂಪ್ಯೂಟರ್ ಮಾರಾಟಕ್ಕೆ ಬಂದಿತಾದರೂ ನಿರೀಕ್ಷಿಸಿದಷ್ಟು ಹರಡಲಿಲ್ಲ. ಎನ್‌ಕೋರ್ 2005ರಲ್ಲಿ ‘ಮೊಬಿಲಿಸ್’ ಎಂಬ ಪುಟ್ಟ ಲಿನಕ್ಸ್ ಗಣಕವನ್ನು ಪ್ರದರ್ಶಿಸಿತು. ಅದೂ ಜನಸಾಮಾನ್ಯರ ಕೈ ಸೇರಲಿಲ್ಲ.

ಅದೇ ವರ್ಷ ಅಮೆರಿಕದ ನಿಕೋಲಸ್ ನೆಗ್ರೊಪಾಂಟೆ ಮಗುವಿಗೊಂದು ಲ್ಯಾಪ್‌ಟಾಪ್ ಎಂಬ ಯೋಜನೆಯನ್ನು ಜಗತ್ತಿನ ಮುಂದಿಟ್ಟರು. ನೂರು ಡಾಲರ್ ಬೆಲೆ ಎಂಬುದು ಅದರ ಗುರಿ. 2007ರ ಕೊನೆಗೆ ತಯಾರಿಕೆ ಆರಂಭವಾದಾಗ ಖರ್ಚು ಅದರ ಎರಡು ಪಟ್ಟಿನ ಸಮೀಪಕ್ಕೆ ಏರಿತ್ತು. ಬಿಸಿಲಿನಲ್ಲೂ ಓದಬಹುದಾದ ಪರದೆ ಮತ್ತು ಫೆಡೋರಾ ಲಿನಕ್ಸ್ ಆಧರಿಸಿದ, ಮಕ್ಕಳಿಗೆಂದೇ ರಚಿಸಿದ ‘ಶುಗರ್’ ಮುಖಪುಟ ಅದರ ವೈಶಿಷ್ಟ್ಯ. ಭಾರತದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವು 2006ರಲ್ಲಿಯೇ ಈ ಯೋಜನೆಯನ್ನು ನಿರಾಕರಿಸಿತ್ತು. ಆದರೆ ಕಡಿಮೆ ಬೆಲೆಯ ಲ್ಯಾಪ್‌ಟಾಪ್ ತಯಾರಿಸಲು ಸಾಧ್ಯವೆಂಬುದನ್ನು ವಾಣಿಜ್ಯ ಸಂಸ್ಥೆಗಳಿಗೆ ಮನಗಾಣಿಸಿದ್ದು ಈ ಯೋಜನೆಯೇ. ಭಾರತದಲ್ಲಿ 2008ರ ಆರಂಭದಲ್ಲಿ ಎಚ್‌ಸಿಎಲ್ ಸಂಸ್ಥೆಯು ‘ಮೈಲೀಪ್’ ಎಂಬ ಲಿನಕ್ಸ್ ಲ್ಯಾಪ್‌ಟಾಪನ್ನು ಹದಿನಾಲ್ಕು ಸಾವಿರ ರೂಪಾಯಿಗೆ ಹತ್ತು ರೂಪಾಯಿ ಕಡಿಮೆಗೆ ಪ್ರಕಟಿಸಿತು.

ಒಳಗೇನಿತ್ತು

ಇಇಇ ಪಿಸಿ 701ರ ತೂಕ ಸುಮಾರು 920 ಗ್ರಾಂ. ಇಂಟೆಲ್‌ನ 900 ಮೆಗಾಹರ್ಟ್ಸ್ ಸೆಲೆರಾನ್ ಸಂಸ್ಕಾರಕವನ್ನು ಬಿಸಿಯೂ ವಿದ್ಯುತ್ ಖರ್ಚೂ ತಗ್ಗಲೆಂದು 630 ಮೆಗಾಹರ್ಟ್ಸ್‌ನಲ್ಲಿಯೇ ಓಡಿಸಲಾಗುತ್ತಿತ್ತು. 512 ಮೆಗಾಬೈಟ್ ಸ್ಮೃತಿ, 800 ಅಡ್ಡ 480 ಚುಕ್ಕಿಗಳ ಪರದೆ, ಮೂರು ಯುಎಸ್‌ಬಿ ಕಿಂಡಿ, ಎಸ್‌ಡಿ ಕಾರ್ಡಿಗೊಂದು ಸೀಳು, ನಿಸ್ತಂತು ಜಾಲ, ಚಿಕ್ಕ ಕ್ಯಾಮೆರಾ. ತಿರುಗುವ ಹಾರ್ಡ್ ಡಿಸ್ಕಿನ ಬದಲು ಫ್ಲ್ಯಾಶ್ ಚಿಪ್ಪುಗಳಿದ್ದುದರಿಂದ ಬಸ್ಸಿನ ಕುಲುಕಾಟಕ್ಕೆ ಡಿಸ್ಕು ಕೆಡುವ ಭಯವಿರಲಿಲ್ಲ. ಮೊದಲು 199 ಡಾಲರ್ ಎಂದು ಘೋಷಿಸಲಾಗಿದ್ದ ಬೆಲೆ, ಅಮೆರಿಕದಲ್ಲಿ 4 ಜಿಬಿ ಮಾದರಿ ಮಾರಾಟಕ್ಕೆ ಬರುವ ವೇಳೆಗೆ 399 ಡಾಲರ್ ಆಗಿತ್ತು. ಆದರೂ ಅಷ್ಟು ಹಗುರವಾದ ಲ್ಯಾಪ್‌ಟಾಪ್‌ಗಳು ಅಂದು ಅದರ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತಿದ್ದವು ಎಂಬುದನ್ನು ಮರೆಯುವಂತಿಲ್ಲ.

ಕಾರ್ಯಾಚರಣ ವ್ಯವಸ್ಥೆ ಡೆಬಿಯನ್ ಮೂಲದ ಝಾಂಡ್ರೋಸ್ ಲಿನಕ್ಸ್. ಯಂತ್ರ ಚಾಲೂ ಮಾಡಿದ ಅರ್ಧ ನಿಮಿಷದೊಳಗೆ ಅಂತರ್ಜಾಲ, ಕೆಲಸ, ಕಲಿಕೆ, ಆಟ ಎಂಬ ದೊಡ್ಡ ದೊಡ್ಡ ಗುಂಡಿಗಳ ಪುಟ ತೆರೆಯುತ್ತಿತ್ತು. ಲಿನಕ್ಸ್ ಎಂಬ ಹೆಸರನ್ನೇ ಕೇಳದವರೂ ಫೈರ್‌ಫಾಕ್ಸ್, ಓಪನ್‌ಆಫೀಸ್, ಸ್ಕೈಪ್‌ಗಳನ್ನು ಬಳಸಬಹುದಾಗಿತ್ತು. ವಿಂಡೋಸ್‌ಗೆ ಪರವಾನಗಿ ಶುಲ್ಕ ತೆರಬೇಕು, ಲಿನಕ್ಸಿಗೆ ಅದಿಲ್ಲ. ಅಷ್ಟೇ ಅಲ್ಲ, ಆಗ ಹೊಸದಾಗಿದ್ದ ವಿಂಡೋಸ್ ವಿಸ್ಟಾ ಇಂಥ ಯಂತ್ರದಲ್ಲಿ ಓಡುವ ಪ್ರಶ್ನೆಯೇ ಇರಲಿಲ್ಲ. ಹೀಗೆ ಬೆಲೆಯೂ ಗಾತ್ರವೂ ಲಿನಕ್ಸನ್ನು ಆರಿಸಿದವೇ ಹೊರತು ಮುಕ್ತ ತಂತ್ರಾಂಶದ ಮೇಲಿನ ಪ್ರೀತಿಯಲ್ಲ. ಮುಂದಿನ ಬೆಳವಣಿಗೆಗಳಿಗೆ ಇದೇ ಬೀಜ.

ಕಿರಿಕಿರಿಗಳೂ ಇದ್ದವು. ಪರದೆ ಎಷ್ಟು ಗಿಡ್ಡವೆಂದರೆ ಕೆಲವು ತಂತ್ರಾಂಶಗಳ ಸಂವಾದ ಚೌಕದ ‘ಸರಿ’ ಗುಂಡಿಯೇ ಪರದೆಯ ಕೆಳಗೆ ಅಡಗಿಬಿಡುತ್ತಿತ್ತು. ಆಲ್ಟ್ ಕೀಲಿಯನ್ನು ಒತ್ತಿಹಿಡಿದು ಚೌಕವನ್ನು ಮೇಲಕ್ಕೆ ಎಳೆದರೆ ಗುಂಡಿ ಸಿಗುತ್ತದೆ ಎಂಬುದು ಬಳಕೆದಾರರಿಂದ ಬಳಕೆದಾರರಿಗೆ ಹಬ್ಬಿದ ಉಪಾಯ. ಬೆರಳು ದಪ್ಪವಿರುವವರಿಗೆ ಕೀಲಿಮಣೆ ಶಿಕ್ಷೆಯಾಗಿತ್ತು. ಬ್ಯಾಟರಿ ಸುಮಾರು ಮೂರು ಗಂಟೆ ಬರುತ್ತಿತ್ತು.

ಮರಳಿ ಬಂದ ವಿಂಡೋಸ್

2008 ಇವುಗಳ ಸುಗ್ಗಿಯ ವರ್ಷ. ಇಂಟೆಲ್ ಸಂಸ್ಥೆಯು ಕಡಿಮೆ ವಿದ್ಯುತ್ ಬಳಸುವ ಆಟಮ್ ಸಂಸ್ಕಾರಕವನ್ನು ತಂದಿತು. ಇಂಥ ಯಂತ್ರಗಳಿಗೆ ‘ನೆಟ್‌ಬುಕ್’ ಎಂಬ ಹೆಸರನ್ನೂ ಹರಡಿತು. ಆ ಹೆಸರು ಮೊದಲೇ ಬ್ರಿಟನ್ನಿನ ಸಯಾನ್ ಸಂಸ್ಥೆಯ ನೋಂದಾಯಿತ ಮುದ್ರೆಯಾಗಿದ್ದರಿಂದ ಎದ್ದ ವಿವಾದ 2009ರಲ್ಲಿ ರಾಜಿಯಾಯಿತು. ಏಸರ್‌ನ ಆಸ್ಪೈರ್ ಒನ್ ಲಿನ್ಪಸ್ ಎಂಬ ಲಿನಕ್ಸ್‌ನೊಡನೆ, ಎಚ್‌ಪಿಯ ಮಿನಿ-ನೋಟ್ ಸೂಸೆಯೊಡನೆ, ಡೆಲ್‌ನ ಮಿನಿ 9 ಉಬುಂಟುವಿನೊಡನೆ ಬಂದವು. ಒಂದೊಂದರದೂ ಒಂದೊಂದು ಮುಖ. ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ಕೆಲಸಕ್ಕೆ ಬಾರದು.

ಮೈಕ್ರೋಸಾಫ್ಟ್ ಕೈಕಟ್ಟಿ ಕೂರಲಿಲ್ಲ. 2008ರ ಜೂನ್ 30ಕ್ಕೆ ಮಾರಾಟ ನಿಲ್ಲಬೇಕಿದ್ದ ವಿಂಡೋಸ್ ಎಕ್ಸ್‌ಪಿಯ ಹೋಮ್ ಆವೃತ್ತಿಗೆ ಈ ಪುಟ್ಟ ಯಂತ್ರಗಳ ಮಟ್ಟಿಗೆ ಇನ್ನೂ ಎರಡು ವರ್ಷಗಳ ಆಯುಸ್ಸು ನೀಡುವುದಾಗಿ ಅದೇ ಏಪ್ರಿಲ್‌ನಲ್ಲಿ ಪ್ರಕಟಿಸಿತು. ಪರದೆ, ಸ್ಮೃತಿ, ಡಿಸ್ಕುಗಳು ಇಂತಿಷ್ಟನ್ನು ಮೀರಬಾರದೆಂಬ ನಿಬಂಧನೆಯೂ ಅದರೊಡನೆ ಇತ್ತು. ಅದೇ ಸಮಯಕ್ಕೆ ಬಂದ ಇಇಇ ಪಿಸಿ 900 ಹಲವೆಡೆ ಒಂದೇ ಬೆಲೆಗೆ ಎರಡು ರೂಪದಲ್ಲಿ ಸಿಕ್ಕಿತು: ಲಿನಕ್ಸ್ ಕೊಂಡವರಿಗೆ 20 ಜಿಬಿ ಸಂಗ್ರಹ, ಎಕ್ಸ್‌ಪಿ ಕೊಂಡವರಿಗೆ 12 ಜಿಬಿ. ಪರವಾನಗಿಯ ಬೆಲೆ ಎಂಟು ಜಿಬಿಯ ರೂಪದಲ್ಲಿ ಕಣ್ಣಿಗೆ ಕಾಣುವಂತಿದ್ದ ಅಪರೂಪದ ಉದಾಹರಣೆಯಿದು.

ಆದರೂ ಜನ ಎಕ್ಸ್‌ಪಿಯನ್ನೇ ಕೊಂಡರು. ಲಿನಕ್ಸ್ ನೆಟ್‌ಬುಕ್‌ಗಳನ್ನು ಹಿಂದಿರುಗಿಸುವವರು ವಿಂಡೋಸ್ ಯಂತ್ರಗಳಿಗಿಂತ ನಾಲ್ಕು ಪಟ್ಟು ಹೆಚ್ಚೆಂದು ಎಂಎಸ್‌ಐ ಸಂಸ್ಥೆಯ ಅಧಿಕಾರಿಯೊಬ್ಬರು 2008ರಲ್ಲಿ ಹೇಳಿದ್ದು ಬಹಳ ಪ್ರಚಾರ ಪಡೆಯಿತು. ಉಬುಂಟುವಿನೊಡನೆ ಮಾರುತ್ತಿದ್ದ ಡೆಲ್ ತನ್ನ ಅನುಭವದಲ್ಲಿ ಅಂಥ ಅಂತರವಿಲ್ಲವೆಂದು ಮರುವರ್ಷ ತಿಳಿಸಿತು; ಅದಕ್ಕೆ ಅಷ್ಟು ಪ್ರಚಾರ ಸಿಗಲಿಲ್ಲ. ಎರಡೂ ನಿಜವಿರಬಹುದು. ತಾನು ಕೊಳ್ಳುತ್ತಿರುವುದು ಲಿನಕ್ಸ್ ಎಂದು ತಿಳಿದೇ ಕೊಂಡವನು ಹಿಂದಿರುಗಿಸುವುದಿಲ್ಲ; ತಿಳಿಯದೆ ಕೊಂಡು, ಮನೆಗೆ ಬಂದು ಪರಿಚಿತ ತಂತ್ರಾಂಶದ ಸಿ.ಡಿ. ಹುಡುಕಿದವನು ಹಿಂದಿರುಗಿಸುತ್ತಾನೆ. ಅಮೆರಿಕದ ಚಿಲ್ಲರೆ ಮಾರಾಟದಲ್ಲಿ ನೆಟ್‌ಬುಕ್‌ಗಳ ಶೇಕಡ 96 ವಿಂಡೋಸ್‌ನವೆಂದು 2009ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಹೇಳಿಕೊಂಡಿತು.

ವಿಂಡೋಸ್ ಬಂದ ಮೇಲೆ ಯಂತ್ರವೂ ಬದಲಾಯಿತು. ಪರದೆ ಹತ್ತು ಅಂಗುಲಕ್ಕೆ ಬೆಳೆಯಿತು, ತಿರುಗುವ ಹಾರ್ಡ್ ಡಿಸ್ಕು ಮರಳಿತು, ತೂಕವೂ ಬೆಲೆಯೂ ಏರಿದವು. ಅದು ಪ್ರಯಾಣಿಕನ ಟಿಪ್ಪಣಿ ಪುಸ್ತಕವಾಗಿ ಉಳಿಯದೆ ನಿಧಾನಗತಿಯ ಸಾಮಾನ್ಯ ಲ್ಯಾಪ್‌ಟಾಪ್ ಆಯಿತು. 2010ರ ಜನವರಿಯಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್ ಐಪ್ಯಾಡನ್ನು ಪರಿಚಯಿಸುತ್ತ, ನೆಟ್‌ಬುಕ್ ಯಾವುದರಲ್ಲಿಯೂ ಉತ್ತಮವಲ್ಲ ಎಂದು ಚುಚ್ಚಿದರು. 2013 ಆರಂಭವಾಗುವ ಹೊತ್ತಿಗೆ ಅಸುಸ್ ಇಇಇ ಪಿಸಿ ತಯಾರಿಕೆಯನ್ನು ಕೈಬಿಟ್ಟಿತ್ತು.

ನವೀಕರಣವೆಂಬ ಒಳಗುಟ್ಟು

ಆದರೆ ಲಿನಕ್ಸ್ ಮಾದರಿಗಳ ಸೋಲಿಗೆ ಐಪ್ಯಾಡನ್ನೂ ಮೈಕ್ರೋಸಾಫ್ಟನ್ನೂ ಮಾತ್ರ ದೂರಿದರೆ ಸಾಲದು. 701ರ ಒಳಗಿನ ಒಂದು ಏರ್ಪಾಡನ್ನು ಗಮನಿಸಬೇಕು. ಅದರ ನಾಲ್ಕು ಜಿಬಿ ಸಂಗ್ರಹವನ್ನು ಎರಡು ಮುಖ್ಯ ಭಾಗ ಮಾಡಲಾಗಿತ್ತು. ಮೊದಲ ಭಾಗದಲ್ಲಿ ಬದಲಿಸಲಾಗದ ಮೂಲ ವ್ಯವಸ್ಥೆ. ಎರಡನೆಯದರಲ್ಲಿ ಬಳಕೆದಾರನ ಕಡತಗಳು ಮತ್ತು ಬದಲಾವಣೆಗಳು. ‘ಯೂನಿಯನ್ ಎಫ್‌ಎಸ್’ ಎಂಬ ತಂತ್ರದಿಂದ ಎರಡನ್ನೂ ಒಂದರ ಮೇಲೊಂದು ಪಾರದರ್ಶಕ ಹಾಳೆಯಂತೆ ಹೊದಿಸಿ ಒಂದೇ ಎಂಬಂತೆ ತೋರಿಸಲಾಗುತ್ತಿತ್ತು. ಇದರ ಲಾಭ ದೊಡ್ಡದು. ಏನಾದರೂ ಕೆಟ್ಟರೆ ಯಂತ್ರ ಏಳುವಾಗ ಎಫ್‌9 ಕೀಲಿ ಒತ್ತಿದರಾಯಿತು, ಮೇಲಿನ ಹಾಳೆ ಅಳಿಸಿಹೋಗಿ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿ ಮರಳುತ್ತಿತ್ತು.

ನಷ್ಟವೂ ಅಷ್ಟೇ ದೊಡ್ಡದು. ಫೈರ್‌ಫಾಕ್ಸ್‌ನ ಹೊಸ ಆವೃತ್ತಿಯನ್ನು ಅಳವಡಿಸಿದರೆ ಹಳೆಯದು ಕೆಳಗಿನ ಹಾಳೆಯಲ್ಲಿ ಹಾಗೆಯೇ ಉಳಿಯುತ್ತಿತ್ತು. ಹೊಸದು ಮೇಲಿನ ಚಿಕ್ಕ ಭಾಗದಲ್ಲಿ ಜಾಗ ತಿನ್ನುತ್ತಿತ್ತು. ಹೀಗಾಗಿ ಪ್ರತಿ ನವೀಕರಣವೂ ಬಳಕೆದಾರನ ಸ್ವಂತ ಜಾಗವನ್ನು ಕಬಳಿಸುತ್ತಿತ್ತು. ಕೆಲವು ಸುತ್ತುಗಳ ನಂತರ ಜಾಗವೇ ಇಲ್ಲ. ಡೆಬಿಯನ್‌ನ ಭಂಡಾರದಿಂದ ನೇರವಾಗಿ ತಂತ್ರಾಂಶ ತರಿಸಿಕೊಳ್ಳಲು ಹೋದವರ ವ್ಯವಸ್ಥೆ ಕಲಸುಮೇಲೋಗರವಾಗುತ್ತಿತ್ತು. 2008ರ ಫೆಬ್ರವರಿಯಲ್ಲಿ ಭದ್ರತಾ ಸಂಶೋಧಕರು, ಹೊಸ ಪೆಟ್ಟಿಗೆಯಿಂದ ಆಗತಾನೆ ತೆಗೆದ ಇಇಇ ಪಿಸಿಯ ಸಂಪೂರ್ಣ ನಿಯಂತ್ರಣವನ್ನು ಜಾಲದ ಮೂಲಕವೇ ವಶಪಡಿಸಿಕೊಳ್ಳಬಹುದೆಂದು ತೋರಿಸಿದರು. ಕಾರಣ, ಕಡತ ಹಂಚಿಕೆಗೆ ಬಳಸುವ ಸಾಂಬಾ ತಂತ್ರಾಂಶದ ಹಳೆಯ ಆವೃತ್ತಿಯನ್ನು ಅದರಲ್ಲಿ ಇಡಲಾಗಿತ್ತು. ಆ ದೋಷಕ್ಕೆ ಪರಿಹಾರ ಹಿಂದಿನ ವರ್ಷವೇ ಬಂದಿತ್ತು. ಲಿನಕ್ಸಿಗೆ ವೈರಸ್ ಕಾಟವಿಲ್ಲ ಎಂಬ ಭರವಸೆಯ ಮೇಲೆ ಕೊಂಡವರಿಗೆ ಇದು ತಣ್ಣೀರೆರಚಿದಂತಾಯಿತು.

ಲಿನಕ್ಸ್ ಉಚಿತವಾಗಿ ಸಿಗುತ್ತದೆ, ಅದರ ಪಾಲನೆ ಉಚಿತವಾಗಿ ನಡೆಯುವುದಿಲ್ಲ. ತಯಾರಕರು ಮೊದಲರ್ಧವನ್ನು ಮಾತ್ರ ನೆಚ್ಚಿದರು. ಯಂತ್ರವನ್ನು ಹೆಚ್ಚು ಕಾಲ ಉಳಿಸಿಕೊಂಡವರು ಝಾಂಡ್ರೋಸನ್ನು ಅಳಿಸಿ, ಉತ್ಸಾಹಿಗಳು ಸಿದ್ಧಪಡಿಸಿದ ಉಬುಂಟು ರೂಪಾಂತರಗಳನ್ನೋ ನೇರ ಡೆಬಿಯನ್ನನ್ನೋ ಹಾಕಿಕೊಂಡವರೇ.

ಈ ಪಾಠವನ್ನು ಸರಿಯಾಗಿ ಕಲಿತದ್ದು ಗೂಗಲ್. 2011ರ ಜೂನ್‌ನಲ್ಲಿ ಏಸರ್ ಮತ್ತು ಸ್ಯಾಮ್‌ಸಂಗ್ ಹೊರತಂದ ಕ್ರೋಮ್‌ಬುಕ್‌ಗಳ ಒಳಗಿರುವುದೂ ಲಿನಕ್ಸೇ. ಅವು ಬಳಕೆದಾರನಿಗೆ ತಿಳಿಯದಂತೆ ಹಿನ್ನೆಲೆಯಲ್ಲಿ ತಮ್ಮನ್ನು ತಾವೇ ನವೀಕರಿಸಿಕೊಳ್ಳುತ್ತವೆ. 2021ರಿಂದೀಚೆಗಿನ ಮಾದರಿಗಳಿಗೆ ಹತ್ತು ವರ್ಷ ನವೀಕರಣ ನೀಡುವುದಾಗಿ 2023ರಲ್ಲಿ ಗೂಗಲ್ ಪ್ರಕಟಿಸಿತು. ಆ ಹತ್ತು ವರ್ಷ ಎಣಿಕೆಯಾಗುವುದು ಯಂತ್ರ ಕೊಂಡ ದಿನದಿಂದಲ್ಲ, ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. ರಿಯಾಯಿತಿ ಮಾರಾಟದಲ್ಲಿ ಹಳೆಯ ಮಾದರಿ ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು.

ಪ್ರಯಾಣದಲ್ಲಿ

ಊರೂರು ಅಲೆಯುವವನಿಗೆ ಗಣಕದಿಂದ ಬೇಕಾಗುವುದು ಹೆಚ್ಚೇನಿಲ್ಲ. ಬರೆಯುವುದು, ಮಿಂಚಂಚೆ, ಜಾಲತಾಣ, ಚಿತ್ರಗಳನ್ನು ಕ್ಯಾಮೆರಾದಿಂದ ಇಳಿಸಿಕೊಳ್ಳುವುದು, ರಾತ್ರಿ ಒಂದು ಸಿನಿಮಾ. ಇದಕ್ಕೆ 4 ಜಿಬಿ ಸ್ಮೃತಿಯ ಸಾಧಾರಣ ಯಂತ್ರ ಸಾಕು. ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿಯಂಥ ಹಗುರ ಮುಖಪುಟವಿದ್ದರೆ ಲಿನಕ್ಸ್ ತಾನು ನುಂಗುವ ಸ್ಮೃತಿ ಕಡಿಮೆ. ನಿಜವಾಗಿ ಸ್ಮೃತಿ ತಿನ್ನುವುದು ಜಾಲತಾಣಗಳು. ಹತ್ತು ಪುಟಗಳನ್ನು ಒಟ್ಟಿಗೆ ತೆರೆದಿಟ್ಟರೆ ಯಾವ ಕಾರ್ಯಾಚರಣ ವ್ಯವಸ್ಥೆಯೂ ಕಾಪಾಡಲಾರದು.

ಅಗ್ಗದ ಯಂತ್ರದ ಬಹುದೊಡ್ಡ ಅನುಕೂಲವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಕಳೆದುಹೋದರೆ, ಬಿದ್ದು ಒಡೆದರೆ ದುಃಖ ಕಡಿಮೆ. ಆದರೆ ಇದು ನಿಜವಾಗಬೇಕಾದರೆ ಒಳಗಿನ ಮಾಹಿತಿ ಎರಡು ರೀತಿಯಲ್ಲಿ ಭದ್ರವಾಗಿರಬೇಕು. ಮೊದಲನೆಯದು, ಕದ್ದವನು ಓದಲಾಗಬಾರದು. ಉಬುಂಟು, ಡೆಬಿಯನ್, ಫೆಡೋರಾ ಮುಂತಾದವುಗಳಲ್ಲಿ ಅಳವಡಿಕೆಯ ಸಮಯದಲ್ಲಿಯೇ ಇಡೀ ಡಿಸ್ಕನ್ನು ಗೂಢಲಿಪೀಕರಿಸುವ ಆಯ್ಕೆಯಿದೆ. ಆಗ ಅದನ್ನು ಆರಿಸದಿದ್ದರೆ ನಂತರ ಮಾಡುವುದು ತ್ರಾಸದ ಕೆಲಸ. ಗುಪ್ತಪದ ಮರೆತರೆ ಮಾತ್ರ ಯಾರೂ, ಯಾವ ಅಂಗಡಿಯವರೂ, ಕಡತಗಳನ್ನು ತೆಗೆದುಕೊಡಲಾರರು. ಎರಡನೆಯದು, ಪ್ರತಿಯೊಂದು ಬೇರೆಡೆ ಇರಬೇಕು. ದಿನದ ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಇಳಿಸಿ ಕ್ಯಾಮೆರಾದ ಕಾರ್ಡನ್ನು ಅಳಿಸಿಬಿಡುವವರು ಪ್ರತಿ ಇಟ್ಟುಕೊಂಡಂತೆ ಅಲ್ಲ. ಇರುವ ಒಂದೇ ಪ್ರತಿಯ ಜಾಗ ಬದಲಿಸಿದಂತೆ. ಒಂದು ಪೆನ್ ಡ್ರೈವ್ ಬೇರೆ ಚೀಲದಲ್ಲಿರಲಿ.

ವಿದ್ಯುತ್ತಿನ ವಿಷಯದಲ್ಲಿ ಇಂದಿನವರು ಅದೃಷ್ಟವಂತರು. 701ಕ್ಕೆ ಅದರದೇ ಆದ ಚಾರ್ಜರ್ ಬೇಕಿತ್ತು. ಇಂದು ಯುಎಸ್‌ಬಿ-ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪ್ ಆರಿಸಿಕೊಂಡರೆ ಫೋನಿಗೂ ಅದಕ್ಕೂ ಒಂದೇ ಚಾರ್ಜರ್ ಸಾಕು. ಶಕ್ತವಾದ ಪವರ್‌ಬ್ಯಾಂಕಿನಿಂದಲೂ ತುಂಬಿಸಬಹುದು. ವಿಮಾನದಲ್ಲಿ ಪವರ್‌ಬ್ಯಾಂಕನ್ನೂ ಬಿಡಿ ಬ್ಯಾಟರಿಯನ್ನೂ ಕೈಚೀಲದಲ್ಲಿಯೇ ಒಯ್ಯಬೇಕು. ನೂರು ವ್ಯಾಟ್-ಅವರ್‌ಗಿಂತ ಹೆಚ್ಚಿನವಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು.

ಜಾಲ ಸಿಗದ ಘಟ್ಟ, ಕಾಡುಗಳಿಗೆ ಹೋಗುವವರಿಗೆ ಕಿವಿಕ್ಸ್ ಎಂಬ ತಂತ್ರಾಂಶ ಉಪಯುಕ್ತ. ಇದರಿಂದ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿಕೊಂಡು ಅಂತರ್ಜಾಲವಿಲ್ಲದೆಯೂ ಓದಬಹುದು.

ನಿತ್ಯದ ಕೆಲಸಕ್ಕೆ ಬಂದರೆ, ಎಲ್ಲಿ ಸಿಕ್ಕಿಹಾಕಿಕೊಳ್ಳಬಹುದೆಂಬುದನ್ನು ಮೊದಲೇ ತಿಳಿದಿರುವುದು ಲೇಸು. ಬೆಂಗಳೂರಿನ ಟ್ಯಾಲಿ ಸಂಸ್ಥೆಯ ಲೆಕ್ಕಪತ್ರ ತಂತ್ರಾಂಶ ವಿಂಡೋಸ್‌ಗಾಗಿ ರಚಿತವಾದದ್ದು. ಮುದ್ರಣಾಲಯದವರು ಬಳಸುವ ಫೋಟೊಶಾಪ್‌ನ ಲಿನಕ್ಸ್ ಆವೃತ್ತಿಯಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವ ಗುತ್ತಿಗೆದಾರರು, ಲೆಕ್ಕಪರಿಶೋಧಕರು ತಮ್ಮ ಟೋಕನ್ನಿಗೆ ಲಿನಕ್ಸ್ ಚಾಲಕ ತಂತ್ರಾಂಶ ಇದೆಯೇ ಎಂದು ವಿಚಾರಿಸಿಯೇ ಮುಂದುವರಿಯಬೇಕು. ಮುದ್ರಕಗಳಲ್ಲಿ ಎಚ್‌ಪಿ ತಾನೇ ಲಿನಕ್ಸ್ ಚಾಲಕಗಳನ್ನು ಮುಕ್ತವಾಗಿ ನೀಡುತ್ತದೆ. ಉಳಿದ ಕೆಲವು ಅಗ್ಗದ ಲೇಸರ್ ಮುದ್ರಕಗಳೊಡನೆ ಗುದ್ದಾಡಬೇಕಾಗುತ್ತದೆ.

ಕನ್ನಡದ ಮಟ್ಟಿಗೆ

ಇಇಇ ಪಿಸಿ ಬಂದ ಕಾಲದಲ್ಲಿ ಲಿನಕ್ಸ್‌ನಲ್ಲಿ ಕನ್ನಡ ಓದುವುದು ಸಲೀಸಾಗಿರಲಿಲ್ಲ. ಅಂದಿನ ಫೈರ್‌ಫಾಕ್ಸ್ 2ರಲ್ಲಿ, ಪ್ಯಾಂಗೊ ಎಂಬ ಅಕ್ಷರ ಜೋಡಿಸುವ ವ್ಯವಸ್ಥೆಯನ್ನು ಪ್ರತ್ಯೇಕವಾಗಿ ಸಕ್ರಿಯಗೊಳಿಸದಿದ್ದರೆ ಒತ್ತಕ್ಷರಗಳು ಒಡೆದು ಚೂರಾಗುತ್ತಿದ್ದವು. 2008ರ ಜೂನ್‌ನಲ್ಲಿ ಬಂದ ಫೈರ್‌ಫಾಕ್ಸ್ 3 ಪ್ಯಾಂಗೊವನ್ನು ತಾನಾಗಿಯೇ ಬಳಸತೊಡಗಿದ ಮೇಲೆ ಈ ತಾಪತ್ರಯ ತಪ್ಪಿತು. ಇಂದು ಯಾವ ಪ್ರಮುಖ ಲಿನಕ್ಸ್‌ನಲ್ಲಿಯೂ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ. ಲೋಹಿತ್, ನೋಟೊ ಅಕ್ಷರಗಳು ಉಚಿತವಾಗಿ ದೊರೆಯುತ್ತವೆ.

ಟೈಪಿಸುವುದಕ್ಕೆ ಐಬಸ್ ಎಂಬ ತಂತ್ರಾಂಶವೂ ಎಂ17ಎನ್ ಎಂಬ ಕೀಲಿಮಣೆಗಳ ಸಂಗ್ರಹವೂ ಬೇಕು. ಅದರಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿರುವುದು ಕೆ.ಪಿ. ರಾವ್ ಅವರ ವಿನ್ಯಾಸ, ಅಂದರೆ ನುಡಿ ಬಳಸಿದವರ ಬೆರಳಿಗೆ ರೂಢಿಯಾದದ್ದು. ಇನ್‌ಸ್ಕ್ರಿಪ್ಟ್ ಮತ್ತು ಇಂಗ್ಲಿಷ್ ಉಚ್ಚಾರಣೆಯಂತೆ ಒತ್ತುವ ವಿನ್ಯಾಸಗಳೂ ಇವೆ.

ತೊಡಕು ಇರುವುದು ಹಳೆಯ ಕಡತಗಳಲ್ಲಿ. ನುಡಿ, ಬರಹ ತಂತ್ರಾಂಶಗಳ ಹಿಂದಿನ ಆವೃತ್ತಿಗಳಲ್ಲಿ ಟೈಪಿಸಿದ ಅಸಂಖ್ಯ ಪತ್ರಗಳು, ಆದೇಶಗಳು, ಹಸ್ತಪ್ರತಿಗಳು ಯೂನಿಕೋಡ್‌ನಲ್ಲಿಲ್ಲ. ಅವುಗಳಲ್ಲಿರುವುದು ವಾಸ್ತವವಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತ. ನಿರ್ದಿಷ್ಟ ಫಾಂಟ್ ಇದ್ದರೆ ಮಾತ್ರ ಕಣ್ಣಿಗೆ ಕನ್ನಡವಾಗಿ ಕಾಣುತ್ತದೆ. ಅಂಥ ಕಡತವನ್ನು ಲಿನಕ್ಸ್‌ನ ಲಿಬ್ರೆಆಫೀಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಎದುರಾಗುತ್ತದೆ. ಯಂತ್ರ ಕೆಟ್ಟಿಲ್ಲ, ಕಡತವೂ ಕೆಟ್ಟಿಲ್ಲ. ಆ ಫಾಂಟನ್ನು ಅಳವಡಿಸಿದರೆ ಓದಬಹುದು. ತಿದ್ದಬೇಕಾದರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು. ಅರ್ಕಾವೊತ್ತು ಇರುವೆಡೆ ಪರಿವರ್ತನೆ ತಪ್ಪುವ ಸಂಭವವಿರುವುದರಿಂದ ಒಮ್ಮೆ ಕಣ್ಣಾಡಿಸುವುದು ಅಗತ್ಯ. ವಿಂಡೋಸ್‌ನ ಸಂಗ ಬಿಡಲು ಕನ್ನಡಿಗರಿಗೆ ಅಡ್ಡಿಯಾಗಿರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು, ಇದರ ಬಗ್ಗೆ ಮಾತು ಮಾತ್ರ ಕಡಿಮೆ.

ಇಂದು ಕೊಳ್ಳುವವರಿಗೆ

ಕಪಾಟಿನಲ್ಲಿ ಕುಳಿತ ಹಳೆಯ ನೆಟ್‌ಬುಕ್ಕನ್ನು ಮತ್ತೆ ಎಬ್ಬಿಸಬಹುದೇ ಎಂಬ ಪ್ರಶ್ನೆಗೆ ಉತ್ತರ ಅದರ ಸಂಸ್ಕಾರಕವನ್ನು ಅವಲಂಬಿಸಿದೆ. 701ರ ಸೆಲೆರಾನ್ ಮತ್ತು 2008ರ ಆಟಮ್ ಎನ್270 ಕೇವಲ 32 ಬಿಟ್‌ನವು. 2010ರ ಎನ್450ಯಂಥವು 64 ಬಿಟ್ ಬಲ್ಲವು. ಇದು ಈಗ ನಿರ್ಣಾಯಕ. ಉಬುಂಟು 2019ರಲ್ಲಿ 32 ಬಿಟ್ ಯಂತ್ರಗಳನ್ನು ಪೂರ್ಣವಾಗಿ ಕೈಬಿಟ್ಟಿತು. ಹಳೆಯ ಯಂತ್ರಗಳ ಕೊನೆಯ ಆಸರೆಯಾಗಿದ್ದ ಡೆಬಿಯನ್ ಕೂಡ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಲ್ಲಿ ಅವುಗಳಿಗೆ ಅಳವಡಿಕೆಯ ಸೌಲಭ್ಯ ನೀಡಿಲ್ಲ. ಅದೇ ವರ್ಷ ಫೈರ್‌ಫಾಕ್ಸ್‌ನ ಸಾಮಾನ್ಯ ಆವೃತ್ತಿಯೂ 32 ಬಿಟ್ ಲಿನಕ್ಸನ್ನು ಬಿಟ್ಟಿತು. ಮೂಲ ಝಾಂಡ್ರೋಸ್‌ನಲ್ಲಿಯೇ ಇರುವ 701ರಲ್ಲಿ ಇಂದಿನ ಬಹುತೇಕ ಜಾಲತಾಣಗಳು ತೆರೆಯುವುದೇ ಇಲ್ಲ; ಅವು ಬಳಸುವ ಭದ್ರ ಸಂಪರ್ಕದ ವಿಧಾನ ಆ ಕಾಲದ ಫೈರ್‌ಫಾಕ್ಸ್‌ಗೆ ತಿಳಿಯದು. ಅಂಥ ಯಂತ್ರವನ್ನು ಜಾಲಕ್ಕೆ ಜೋಡಿಸದೆ ಬರೆಯಲು ಮಾತ್ರ ಬಳಸುವುದು ಸೂಕ್ತ, ಬ್ಯಾಂಕ್ ವ್ಯವಹಾರಕ್ಕಂತೂ ಸಲ್ಲದು.

ಹೊಸದು ಬೇಕೆಂದರೆ ಅತ್ಯಂತ ಅಗ್ಗದ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ 701ರ ಹಳೆಯ ದೋಷ ಮರುಕಳಿಸಿರುವುದು ಕಾಣುತ್ತದೆ. ಸಂಗ್ರಹದ ಚಿಪ್ಪನ್ನು ಮಂಡಲಿಗೆ ಬೆಸೆದಿರುತ್ತಾರೆ, ಅದೂ 64 ಜಿಬಿ. ವಿಂಡೋಸ್ ನವೀಕರಣಕ್ಕೆ ಅದು ಇಕ್ಕಟ್ಟು, ಲಿನಕ್ಸಿಗೆ ಧಾರಾಳ. ಆದರೆ ಸ್ಮೃತಿಯನ್ನೂ ಬೆಸೆದಿದ್ದರೆ ಮುಂದೆ ಏನನ್ನೂ ಹೆಚ್ಚಿಸಲಾಗದು. 2023ರಲ್ಲಿ 16,499 ರೂಪಾಯಿಗೆ ಬಂದ, ಕಿಲೋಗ್ರಾಂಗೂ ಕಡಿಮೆ ತೂಕದ ಜಿಯೋಬುಕ್ ತನ್ನದೇ ಆದ ಜಿಯೋ ಓಎಸ್‌ನಲ್ಲಿ ನಡೆಯುತ್ತದೆ. ಪ್ರತಿಯೊಂದೂ ತನ್ನ ದ್ವೀಪದಲ್ಲಿದ್ದ ನೆಟ್‌ಬುಕ್ ಕಾಲವನ್ನು ಇದು ನೆನಪಿಸುತ್ತದೆ. ನವೀಕರಣ ಒಬ್ಬರೇ ತಯಾರಕರ ಮರ್ಜಿಯಲ್ಲಿದೆ.

ಹೀಗಾಗಿ ಹಲವರಿಗೆ ಹೊಂದುವುದು ಕಚೇರಿಗಳಿಂದ ಹೊರಬಂದ ಹಳೆಯ ಲ್ಯಾಪ್‌ಟಾಪ್. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ರ ನಿಬಂಧನೆಗೆ ಒಗ್ಗದ, ಆದರೆ ಯಂತ್ರವಾಗಿ ಗಟ್ಟಿಯಾಗಿರುವ ಲ್ಯಾಪ್‌ಟಾಪ್‌ಗಳು ಇದರಿಂದ ಮೂಲೆ ಸೇರುತ್ತಿವೆ. ಲೆನೊವೊದ ಥಿಂಕ್‌ಪ್ಯಾಡ್ ಎಕ್ಸ್ ಸರಣಿಯಂಥ ಹನ್ನೆರಡೂವರೆ ಅಂಗುಲದ ಕಚೇರಿ ಯಂತ್ರಗಳ ಒಳಗೆ ಬಿಡಿಭಾಗ ಬದಲಿಸುವುದು ಸುಲಭ, ಲಿನಕ್ಸ್ ಅವುಗಳಲ್ಲಿ ಚೆನ್ನಾಗಿ ನಡೆಯುತ್ತದೆ. 701ರಷ್ಟು ಹಗುರವಲ್ಲ, ಕೀಲಿಮಣೆ ಮಾತ್ರ ಅದಕ್ಕೆ ಹೋಲಿಸಿದರೆ ಸ್ವರ್ಗ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಬೇರೆಲ್ಲಾಗಲಿ ಕೊಳ್ಳುವಾಗ ಬ್ಯಾಟರಿಯನ್ನು ನಂಬಬಾರದು. ಹೊಸ ಬ್ಯಾಟರಿಯ ಬೆಲೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಹಣ ಕೊಡುವ ಮುನ್ನ ಪರೀಕ್ಷಿಸುವ ಒಂದು ದಾರಿಯಿದೆ. ಬಹುತೇಕ ಲಿನಕ್ಸ್‌ಗಳನ್ನು ಪೆನ್ ಡ್ರೈವ್‌ನಲ್ಲಿ ತುಂಬಿಕೊಂಡು, ಡಿಸ್ಕಿನಲ್ಲಿ ಏನನ್ನೂ ಬದಲಿಸದೆ ಅಲ್ಲಿಂದಲೇ ಚಾಲೂ ಮಾಡಬಹುದು. ಅಂಗಡಿಯಲ್ಲಿಯೇ ಹೀಗೆ ಮಾಡಿ ನಿಸ್ತಂತು ಜಾಲ ಸಿಗುತ್ತದೆಯೇ, ಧ್ವನಿ ಕೇಳುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ ಎಂದು ನೋಡಬೇಕು. ಆಮೇಲೆ ಮುಚ್ಚಳ ಮುಚ್ಚಿ, ಐದು ನಿಮಿಷ ಬಿಟ್ಟು ತೆರೆಯಬೇಕು. ಪರದೆ ಬೆಳಗಿ ಜಾಲ ತಾನಾಗಿ ಮರುಜೋಡಣೆಯಾದರೆ ಆ ಯಂತ್ರ ಪ್ರಯಾಣಕ್ಕೆ ಯೋಗ್ಯ. ಮುಚ್ಚಿದಾಗ ಮಲಗದೆ ಚೀಲದೊಳಗೆ ಬಿಸಿಯಾಗುತ್ತ ಬ್ಯಾಟರಿ ತಿನ್ನುವ ಯಂತ್ರವಾದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಮುಂದಿನ ಅಂಗಡಿಗೆ ಹೋಗುವುದು ವಾಸಿ.